ಎಳ್ಳಲ್ಲದ ಹುಚ್ಚೆಳ್ಳು

ಹುಚ್ಚೆಳ್ಳು ಹೆಸರಿಗಷ್ಟೇ ಎಳ್ಳು. ಕುಲದಲ್ಲಿ ಅದು ಸೂರ್ಯಕಾಂತಿಯ ಬಳಗಕ್ಕೆ ಸೇರಿದ ಎಣ್ಣೆಕಾಳು. ಹೊಳೆಯುವ ಕಪ್ಪು ಬಣ್ಣದ ಸಣ್ಣ, ನೀಳ ಕಾಳನ್ನು ಕಂಡ ಜನ ಎಳ್ಳಿನ ಸಾಲಿಗೆ ಸೇರಿಸಿದ್ದು ಸಹಜವೇ. ಉತ್ತರ ಕರ್ನಾಟಕದಲ್ಲಿ ಇದೇ ಗುರೆಳ್ಳು. ಹಿಂದಿಯಲ್ಲಿ ರಾಮತಿಲ್; ಅಲ್ಲೂ ‘ತಿಲ’ದ ನಂಟು ಬಿಟ್ಟಿಲ್ಲ.

ವೈಜ್ಞಾನಿಕ ಹೆಸರು ಗ್ವಿಜೋಟಿಯ ಅಬಿಸಿನಿಕ. ಮೊದಲ ಪದ ಫ್ರಾನ್ಸಿನ ಇತಿಹಾಸಕಾರ, ರಾಜಕಾರಣಿ ಫ್ರಾನ್ಸ್ವಾ ಗೀಜೋ ಅವರ ಹೆಸರಿನಿಂದ ಬಂದದ್ದು. ಎರಡನೆಯದು ಬೆಳೆಯ ತವರಾದ ಇಥಿಯೋಪಿಯದ ಹಳೆಯ ಹೆಸರನ್ನು, ಅಬಿಸೀನಿಯವನ್ನು, ಸೂಚಿಸುತ್ತದೆ. ಅಲ್ಲಿನವರಿಗೆ ಇದು ‘ನೂಗ್’.

ಹಳೇ ಮೈಸೂರಿನ ರಾಗಿ ಹೊಲಗಳಲ್ಲಿ ಅಕ್ಕಡಿ ಸಾಲಾಗಿ ನಿಲ್ಲುವ ಹುಚ್ಚೆಳ್ಳು ಹಳದಿ ಹೂ ಬಿಡುತ್ತದೆ. ಹುರಿದ ಕಾಳಿಗೆ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಸೇರಿಸಿ ಕುಟ್ಟಿದ ಚಟ್ನಿಪುಡಿ ಜೋಳದ ರೊಟ್ಟಿಗೆ ಹೇಳಿ ಮಾಡಿಸಿದ ಜೋಡಿ.