ಪೇಪರ್ ಸೆಲೆಕ್ಟ್ ಆಯ್ತು, ಟಿಕೆಟ್ ದುಡ್ಡು ಯಾರು ಕೊಡ್ತಾರೆ?

ಐಟಿಯಲ್ಲಿರೋ ನಮಗೆ ಹೊರದೇಶಕ್ಕೆ ಹೋಗೋದು ಅಂದ್ರೆ ಟ್ರಾವೆಲ್ ಡೆಸ್ಕ್‌ಗೆ ಒಂದು ಮೇಲ್ ಹಾಕೋ ಕೆಲಸ. ಟಿಕೆಟ್, ಹೋಟೆಲ್, ವೀಸಾ ಎಲ್ಲಾ ಅವರೇ ನೋಡ್ಕೋತಾರೆ. ಪುಣೆಗೆ ಬಂದ ಮೇಲೆ ನಾನೂ ಹಾಗೇ ಅಭ್ಯಾಸ ಆದವನು.

ನಮ್ಮಕ್ಕನ ಮಗಳು ದೆಹಲಿಯಲ್ಲಿ ಆಫ್ರಿಕನ್ ಅಧ್ಯಯನದಲ್ಲಿ ಪಿಎಚ್‌ಡಿ ಮಾಡ್ತಿದ್ದಾಳೆ. ಯಲ್ಲಾಪುರ, ಹಳಿಯಾಳ ಕಡೆಯ ನಮ್ಮ ಸಿದ್ದಿಗಳ ಪೂರ್ವಜರು ಆಫ್ರಿಕಾದಿಂದ ಬಂದವರಲ್ವಾ, ಅವಳಿಗೆ ಆಸಕ್ತಿ ಹುಟ್ಟಿದ್ದೇ ಅಲ್ಲಿಂದ. ಒಂದಿನ ಫೋನ್ ಮಾಡಿ, "ಮಾಮಾ, ಯುರೋಪಿನ ಕಾನ್ಫರೆನ್ಸ್‌ಗೆ ನನ್ನ ಪೇಪರ್ ಸೆಲೆಕ್ಟ್ ಆಯ್ತು" ಅಂದಳು. "ಟಿಕೆಟ್ ಯಾವಾಗ ಕಳಿಸ್ತಾರೆ?" ಅಂದೆ. "ಯಾರೂ ಕಳಿಸಲ್ಲ ಮಾಮಾ" ಅಂದಳು. ಕೊನೆಗೂ ಅವಳು ಹೋಗಲಿಲ್ಲ. ಇದು ಹೇಗೆ ನಡೆಯುತ್ತೆ ಅಂತ ಆಮೇಲೆ ಕೂತು ತಿಳ್ಕೊಂಡೆ. ಅದನ್ನೇ ಇವತ್ತು ಹೇಳ್ತೀನಿ.

ಮೊದಲು ಕಾನ್ಫರೆನ್ಸ್‌ಗಳು. ಅಮೆರಿಕದ ಆಫ್ರಿಕನ್ ಸ್ಟಡೀಸ್ ಅಸೋಸಿಯೇಷನ್ ಶುರುವಾಗಿದ್ದು 1957ರಲ್ಲಿ. ಅವರದು ಪ್ರತಿವರ್ಷದ ಸಮ್ಮೇಳನ. ಯುರೋಪಿನ ಸಮ್ಮೇಳನ 2005ರಲ್ಲಿ ಲಂಡನ್‌ನಲ್ಲಿ ಆರಂಭವಾಗಿ ಎರಡು ವರ್ಷಕ್ಕೊಮ್ಮೆ ನಡೆಯುತ್ತೆ. 2023ರಲ್ಲಿ ಕಲೋನ್, 2025ರಲ್ಲಿ ಪ್ರಾಗ್. ಒಂದು ವಿಚಿತ್ರ ಗಮನಿಸಿ: ವಿಷಯ ಆಫ್ರಿಕಾದ್ದು, ಸಭೆ ಮಾತ್ರ ಬೇರೆ ಖಂಡದಲ್ಲಿ. ಲಾಗೋಸ್‌ನ ಸಂಶೋಧಕನಿಗೂ ನಮ್ಮ ಹುಡುಗಿಗೂ ವೀಸಾ ಕಷ್ಟ ಒಂದೇ.

ಇದನ್ನ ಬದಲಾಯಿಸೋಕೆ ಆಫ್ರಿಕಾದವರೇ 2013ರಲ್ಲಿ ತಮ್ಮದೇ ಸಂಘ ಕಟ್ಟಿದರು. ಅದರ ಮೊದಲ ಸಮ್ಮೇಳನ 2015ರಲ್ಲಿ ನೈಜೀರಿಯಾದ ಇಬಾದಾನ್‌ನಲ್ಲಿ ಆಯ್ತು. ಆಮೇಲೆ ಅಕ್ರಾ, ನೈರೋಬಿ.

ಇನ್ನು ದುಡ್ಡಿನ ವಿಷಯ. ಸೆನೆಗಲ್‌ನ ಡಾಕಾರ್‌ನಲ್ಲಿ 1973ರಿಂದ ಕೋಡೆಸ್ರಿಯಾ ಅನ್ನೋ ಸಂಸ್ಥೆ ಇದೆ. ಆಫ್ರಿಕಾದ ವಿಶ್ವವಿದ್ಯಾಲಯಗಳ ಸಂಶೋಧಕರಿಗೆ ಥೀಸಿಸ್ ಬರೆಯೋಕೆ ಸಣ್ಣ ಗ್ರಾಂಟ್ ಕೊಟ್ಟಿದೆ, ಸಂಶೋಧನಾ ವಿಧಾನದ ಕಾರ್ಯಾಗಾರ ನಡೆಸಿದೆ. ಕಾರ್ನೆಗಿ ಹಣದಿಂದ 2008ರಲ್ಲಿ ಶುರುವಾದ ಆಫ್ರಿಕನ್ ಹ್ಯುಮಾನಿಟೀಸ್ ಪ್ರೋಗ್ರಾಮ್ ಘಾನಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾ, ಉಗಾಂಡಾ ಈ ಐದು ದೇಶದವರಿಗೆ ಫೆಲೋಶಿಪ್ ಕೊಟ್ಟಿತು. ಅಂದರೆ "ಆಫ್ರಿಕನ್ ಅಧ್ಯಯನಕ್ಕೆ" ಅಂತ ಬರೆದಿದ್ದರೂ, ಎಷ್ಟೋ ಹಣ ಆಫ್ರಿಕಾದಲ್ಲಿ ಇರೋವರಿಗೆ ಮಾತ್ರ. ಅದು ನ್ಯಾಯವೇ. ಆದರೆ ದೆಹಲಿ ವಿಶ್ವವಿದ್ಯಾಲಯದಲ್ಲಿ 1955ರಿಂದ ಈ ವಿಭಾಗ ಇದೆ, ಮುಂಬೈ ವಿಶ್ವವಿದ್ಯಾಲಯದಲ್ಲೂ ಕೇಂದ್ರ ಇದೆ. ಅಲ್ಲಿ ಓದೋ ಮಕ್ಕಳು ಇದನ್ನ ಮೊದಲೇ ನೋಡ್ಕೋಬೇಕು.

ಹಾಗಾಗಿ ಅರ್ಜಿ ಹಾಕುವ ಮುಂಚೆ ಮೂರು ಪ್ರಶ್ನೆ. ಒಂದು, ಯಾರಿಗೆ ಈ ಹಣ? ನಾಗರಿಕತ್ವ, ವಾಸಿಸೋ ದೇಶ, ಸಂಘದ ಸದಸ್ಯತ್ವ, ಪಿಎಚ್‌ಡಿ ಎಷ್ಟನೇ ವರ್ಷ, ಎಲ್ಲಾ ಓದಿ. ಎರಡು, ಕೊನೇ ದಿನಾಂಕ ಯಾವುದು? ಎಷ್ಟೋ ಸಲ ಪೇಪರ್‌ಗೆ ಬೇರೆ, ಟ್ರಾವೆಲ್ ಗ್ರಾಂಟ್‌ಗೆ ಬೇರೆ ಅರ್ಜಿ ಇರುತ್ತೆ. ಪೇಪರ್ ಆಯ್ಕೆ ಆದಮೇಲೆ ದುಡ್ಡು ಹುಡುಕೋಣ ಅಂತ ಕೂತರೆ ಆ ಬಾಗಿಲು ಮುಚ್ಚಿರಬಹುದು. ಮೂರು, ಹಣ ಮುಂಚೆ ಬರುತ್ತಾ, ಆಮೇಲಾ? ಆಮೇಲೆ ಅಂದ್ರೆ ವೀಸಾ ಫೀಸು, ವಿಮೆ, ಟಿಕೆಟ್ ಎಲ್ಲಾ ಮೊದಲು ಕೈಯಿಂದ ಹಾಕಿ, ವಾಪಸ್ ಬಂದು ಬಿಲ್ ಕೊಡಬೇಕು. ತಿಂಗಳ ಫೆಲೋಶಿಪ್‌ನಲ್ಲಿ ಬದುಕೋ ಹುಡುಗಿ ಅಷ್ಟು ದುಡ್ಡು ಎಲ್ಲಿಂದ ತರಬೇಕು?

ನಮ್ಮ ಹುಡುಗಿ ಸೋತಿದ್ದು ಇಲ್ಲೇ. ವಿಶ್ವವಿದ್ಯಾಲಯ ಸ್ವಲ್ಪ ಹಣ ವಾಪಸ್ ಕೊಡ್ತಿತ್ತಂತೆ, ಮೊದಲು ಹಾಕೋಕೆ ಅವಳ ಹತ್ರ ಇರಲಿಲ್ಲ. ನನ್ನನ್ನ ಕೇಳೋಕೆ ಸಂಕೋಚ. ನನಗೂ ಕೇಳಬೇಕು ಅಂತ ಹೊಳೀಲಿಲ್ಲ. ನಮ್ಮ ಕ್ರೆಡಿಟ್ ಕಾರ್ಡ್‌ನಲ್ಲಿ ಎರಡು ತಿಂಗಳು ಕೂತಿರಬಹುದಾದ ಮೊತ್ತ ಅದು.

ಈ ಸಲ ಅವಳು ಅಬ್‌ಸ್ಟ್ರಾಕ್ಟ್ ಜೊತೆಗೇ ಗ್ರಾಂಟ್ ಅರ್ಜಿಯನ್ನೂ ಬರೀತಿದ್ದಾಳೆ. ಮುಂಗಡ ನಂದು ಅಂತ ಹೇಳಿದ್ದೀನಿ.

ನಿಮ್ಮ ಮನೇಲೂ ಸಂಶೋಧನೆ ಮಾಡೋ ಮಕ್ಕಳಿದ್ದರೆ, "ಫ್ಲೈಟ್ ಯಾವಾಗ?" ಅನ್ನೋ ಮುಂಚೆ "ಮುಂಗಡ ಎಷ್ಟು ಬೇಕು?" ಅಂತ ಕೇಳಿ.