ದೂರಶಿಕ್ಷಣದ ಸಂಪರ್ಕಜಾಲ ಮತ್ತು ಹೊರನಾಡಿನ ಕನ್ನಡ ಶಾಲೆ

ಕನ್ನಡದಲ್ಲಿ ಪಾಠ ಹೇಳಲು ಉಪಗ್ರಹವನ್ನು ಬಳಸಿದ ಪ್ರಯತ್ನಗಳನ್ನು ಹೊರನಾಡಿನ ವಿದ್ಯಾರ್ಥಿಯ ದೃಷ್ಟಿಯಿಂದ ಪರಿಶೀಲಿಸುವುದು ಈ ಟಿಪ್ಪಣಿಯ ಉದ್ದೇಶ.

1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ‘ಸೈಟ್’ ಪ್ರಯೋಗದಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹವು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನವನ್ನು ತಲುಪಿಸಿತು. ಕರ್ನಾಟಕದಿಂದ ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳು ಆಯ್ಕೆಯಾಗಿದ್ದವು. ಬೆಳಗಿನ ಒಂದೂವರೆ ಗಂಟೆಯ ಶಾಲಾ ಪ್ರಸಾರವು ಹಿಂದಿ, ಒರಿಯಾ, ತೆಲುಗು, ಕನ್ನಡಗಳಿಗೆ ಹಂಚಿಕೆಯಾಗಿ, ಕನ್ನಡದ ಪಾಲಿಗೆ ಇಪ್ಪತ್ತೆರಡೂವರೆ ನಿಮಿಷಗಳು ದೊರೆತವು. 2004ರ ಸೆಪ್ಟೆಂಬರ್ 20ರಂದು ಉಡಾವಣೆಗೊಂಡ ‘ಎಜುಸ್ಯಾಟ್’ ಶಿಕ್ಷಣಕ್ಕೆಂದೇ ಮೀಸಲಾದ ಉಪಗ್ರಹ. ಅದರ ಮೂಲಕ ಚಾಮರಾಜನಗರ ಜಿಲ್ಲೆಯ 885 ಪ್ರಾಥಮಿಕ ಶಾಲೆಗಳನ್ನು ಜೋಡಿಸುವ ಯೋಜನೆ ರೂಪುಗೊಂಡಿತು. ಈ ಎರಡೂ ಸಂದರ್ಭಗಳಲ್ಲಿ ಪಾಠವು ತಲುಪಿದ್ದು ಗ್ರಾಹಕಯಂತ್ರವನ್ನು ಅಳವಡಿಸಿದ ಊರುಗಳಿಗೆ ಮಾತ್ರ. ಆ ಊರುಗಳನ್ನು ಆರಿಸಿದ್ದು ರಾಜ್ಯ ಮತ್ತು ಜಿಲ್ಲೆಗಳ ಲೆಕ್ಕದಲ್ಲಿ.

2020ರಲ್ಲಿ ಸ್ಥಿತಿ ಬದಲಾಯಿತು. ಕೊರೋನಾ ಕಾಲದಲ್ಲಿ ಶಾಲೆಗಳು ಮುಚ್ಚಿದ್ದಾಗ ‘ಚಂದನ’ ವಾಹಿನಿಯಲ್ಲಿ ಪ್ರೌಢಶಾಲಾ ಪಾಠಗಳು ಪ್ರಸಾರವಾದವು. ಉಪಗ್ರಹ ವಾಹಿನಿಯಾದ ಚಂದನವನ್ನು ಮುಂಬಯಿಯ ಗ್ರಾಂಟ್ ರೋಡ್‌ನ ಮನೆಯೊಂದರಲ್ಲಿಯೂ ನೋಡಬಹುದಾಗಿತ್ತು. ಆದರೆ ಆ ಪಾಠಗಳು ಕರ್ನಾಟಕದ ಪಠ್ಯಪುಸ್ತಕಗಳನ್ನು ಅನುಸರಿಸಿದ್ದವು. ಮಹಾರಾಷ್ಟ್ರದ ಕನ್ನಡ ಮಾಧ್ಯಮದ ಮಕ್ಕಳ ಕೈಯಲ್ಲಿರುವುದು ‘ಬಾಲಭಾರತಿ’ ಪ್ರಕಟಿಸುವ ಕನ್ನಡ ಪುಸ್ತಕಗಳು. ಅವರು ಬರೆಯಬೇಕಾದದ್ದು ಆ ರಾಜ್ಯದ ಪರೀಕ್ಷೆ. ಭಾಷೆ ಒಂದಾದರೂ ಪಠ್ಯಕ್ರಮ ಬೇರೆ.

ಆದುದರಿಂದ ಹೊರನಾಡಿನ ಕನ್ನಡ ಶಾಲೆಯ ಕೊರತೆಯನ್ನು ತಂತ್ರಜ್ಞಾನವೊಂದೇ ನೀಗಿಸಲಾರದು. ಸಂಕೇತಕ್ಕೆ ಗಡಿಯಿಲ್ಲ, ಪಠ್ಯಕ್ರಮಕ್ಕೆ ಇದೆ. ಎರಡು ರಾಜ್ಯಗಳ ಪಠ್ಯಗಳಿಗೂ ಸಮಾನವಾದ ಭಾಗಗಳನ್ನು ಗುರುತಿಸಿ ಪಾಠಗಳನ್ನು ಸಿದ್ಧಪಡಿಸುವುದು ಮೊದಲು ಆಗಬೇಕಾದ ಕೆಲಸ.