ಏಡಿಗಂತಿ ಮತ್ತು ದೇಹರಕ್ಷಣೆ: ಫಾಕ್ಸ್‌ಪಿ3 ಎಂಬ ಪ್ರತಿಲೇಖನಾಂಶದ ಇತಿಹಾಸ

ಏಡಿಗಂತಿ, ಅಂದರೆ ಇಂದು ಎಲ್ಲರ ಬಾಯಲ್ಲಿರುವ ಕ್ಯಾನ್ಸರ್, ದೇಹದ ಸ್ವಂತ ಜೀವಕೋಶಗಳಿಂದಲೇ ಹುಟ್ಟುವ ವ್ಯಾಧಿ. ಹೊರಗಿನ ಕ್ರಿಮಿಗಳನ್ನು ಗುರುತಿಸಿ ಕೊಲ್ಲಬಲ್ಲ ರಕ್ಷಣಾವ್ಯವಸ್ಥೆಯು ಈ ಒಳಶತ್ರುವನ್ನು ಅನೇಕ ವೇಳೆ ಸುಮ್ಮನೆ ಬಿಡುವುದೇಕೆ? ಈ ಪ್ರಶ್ನೆಗೆ ದೊರೆತ ಉತ್ತರಗಳಲ್ಲಿ ಒಂದರ ಇತಿಹಾಸವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲು ಯತ್ನಿಸಿದ್ದೇವೆ. ಪರಸ್ಪರ ಸಂಬಂಧವಿಲ್ಲದಂತೆ ತೋರುವ ದಾಖಲೆಗಳು ಒಂದೆಡೆ ಕೂಡಿದಾಗ ಸತ್ಯವು ಗೋಚರವಾಗುವ ಬಗೆ ಇತಿಹಾಸದ ವಿದ್ಯಾರ್ಥಿಗಳಿಗೂ ಪರಿಚಿತವಾದುದೇ.

ಮೊದಲು ಪರಿಭಾಷೆಯನ್ನು ವಿವರಿಸುವುದು ಅವಶ್ಯ. ದೇಹದ ಬಹುತೇಕ ಎಲ್ಲ ಜೀವಕೋಶಗಳಲ್ಲಿಯೂ ವಂಶವಾಹಿಗಳ ಭಂಡಾರ ಒಂದೇ. ಆದರೆ ಅವುಗಳ ಕೆಲಸಗಳು ಬೇರೆ ಬೇರೆ. ಭಂಡಾರದಲ್ಲಿರುವ ಕಡತಗಳಲ್ಲಿ ಯಾವುದನ್ನು ನಕಲು ಮಾಡಿ ಹೊರಗೆ ಕಳುಹಿಸಬೇಕು, ಯಾವುದನ್ನು ಮುಚ್ಚಿಡಬೇಕು ಎಂದು ನಿರ್ಣಯಿಸುವ ಕರಣಿಕರಂತೆ ಕೆಲವು ಪ್ರೋಟೀನುಗಳಿವೆ. ಇವು ಡಿ.ಎನ್.ಎ.ಯ ನಿರ್ದಿಷ್ಟ ಸ್ಥಾನಗಳನ್ನು ಹಿಡಿದು ಕೆಲವು ವಂಶವಾಹಿಗಳ ನಕಲನ್ನು ಪ್ರಚೋದಿಸುತ್ತವೆ, ಕೆಲವನ್ನು ತಡೆಯುತ್ತವೆ. ಇವುಗಳಿಗೆ ಪ್ರತಿಲೇಖನಾಂಶಗಳೆಂದು ಹೆಸರು. ಫಾಕ್ಸ್‌ಪಿ3 ಇಂತಹವುಗಳಲ್ಲೊಂದು.

ಇದರ ಕಥೆಯ ಆರಂಭ ಏಡಿಗಂತಿಯಲ್ಲಿ ಇಲ್ಲ. 1949ರಲ್ಲಿ ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದ ಇಲಿಗಳಲ್ಲಿ ಒಂದು ವಿಲಕ್ಷಣ ಸಂತತಿ ತಾನಾಗಿ ಕಾಣಿಸಿಕೊಂಡಿತು. ಆ ವಂಶದ ಕೆಲವು ಗಂಡುಮರಿಗಳ ಚರ್ಮ ಹೊಟ್ಟು ಹೊಟ್ಟಾಗಿ, ಅವು ಹುಟ್ಟಿದ ಕೆಲವೇ ವಾರಗಳಲ್ಲಿ ಸಾಯುತ್ತಿದ್ದವು. ರಕ್ಷಣೆಗೆಂದು ಇರುವ ಟಿ-ಕಣಗಳೇ ಅವುಗಳ ಅಂಗಾಂಗಗಳನ್ನು ನಾಶಪಡಿಸುತ್ತಿದ್ದುವೆಂಬುದು ಬಹುಕಾಲಾನಂತರ ತಿಳಿದುಬಂದಿತು.

ಇತ್ತ ಜಪಾನಿನಲ್ಲಿ ಶಿಮೊನ್ ಸಕಾಗುಚಿಯವರು, ಇತರ ಟಿ-ಕಣಗಳ ಉಗ್ರತೆಯನ್ನು ಅಡಗಿಸುವ ಒಂದು ವಿಶಿಷ್ಟ ವರ್ಗದ ಕಣಗಳನ್ನು 1995ರಲ್ಲಿ ಗುರುತಿಸಿದರು. ಇವೇ ನಿಯಂತ್ರಕ ಟಿ-ಕಣಗಳು. ಈ ಕಣಗಳನ್ನು ತೆಗೆದುಹಾಕಿದರೆ ಇಲಿಗಳ ದೇಹವು ಗಂತಿಗಳನ್ನು ಎದುರಿಸಬಲ್ಲುದೆಂದು 1999ರಲ್ಲಿ ಅವರ ತಂಡವು ತೋರಿಸಿತು.

2001ರಲ್ಲಿ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಅವರು ಆ ಹಳೆಯ ಇಲಿಸಂತತಿಯ ದೋಷವು ಫಾಕ್ಸ್‌ಪಿ3 ವಂಶವಾಹಿಯಲ್ಲಿದೆಯೆಂದು ಕಂಡುಹಿಡಿದರು. ಅದೇ ವಂಶವಾಹಿಯ ದೋಷದಿಂದ ಗಂಡುಶಿಶುಗಳಲ್ಲಿಯೂ ಮಾರಕ ವ್ಯಾಧಿಯುಂಟಾಗುವುದು ಆಗಲೇ ಸಿದ್ಧವಾಯಿತು. 2003ರಲ್ಲಿ ಎರಡು ಧಾರೆಗಳೂ ಸಂಗಮಿಸಿದುವು: ಸಾಮಾನ್ಯ ಟಿ-ಕಣದೊಳಕ್ಕೆ ಫಾಕ್ಸ್‌ಪಿ3ಯನ್ನು ಸೇರಿಸಿದರೆ ಅದು ನಿಯಂತ್ರಕ ಕಣದಂತೆ ವರ್ತಿಸುತ್ತದೆಂದು ಸಕಾಗುಚಿಯವರ ತಂಡವು ತೋರಿಸಿತು. ಈ ಮೂವರಿಗೂ 2025ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು.

ಚಿಕಿತ್ಸೆಯ ತೊಡಕು ಇಲ್ಲಿಯೇ ಅಡಗಿದೆ. ಅನೇಕ ಗಂತಿಗಳು ನಿಯಂತ್ರಕ ಕಣಗಳನ್ನು ತಮ್ಮೆಡೆಗೆ ಸೆಳೆದುಕೊಂಡು, ಅವುಗಳ ಮರೆಯಲ್ಲಿ ಬೆಳೆಯುತ್ತವೆ. ಹಾಗಾದರೆ ಫಾಕ್ಸ್‌ಪಿ3ಯನ್ನೇ ಅಡಗಿಸಬಾರದೇಕೆ ಎಂದು ವಾಚಕರು ಕೇಳಬಹುದು. ಮೊದಲನೆಯದಾಗಿ, ಅದು ಕೋಶಕೇಂದ್ರದೊಳಗಿರುವುದರಿಂದಲೂ, ಔಷಧದ ಅಣು ನೆಲೆಯೂರುವಂತಹ ಪೊಟರೆಗಳು ಇಂತಹ ಪ್ರೋಟೀನುಗಳಲ್ಲಿ ವಿರಳವಾಗಿರುವುದರಿಂದಲೂ, ಅದನ್ನು ಮುಟ್ಟುವುದು ಸುಲಭವಲ್ಲ. ಎರಡನೆಯದಾಗಿ, ದೇಹದಲ್ಲೆಲ್ಲ ಅದನ್ನು ಅಡಗಿಸಿದರೆ ಓಕ್ ರಿಡ್ಜಿನ ಇಲಿಗಳ ಗತಿಯೇ ರೋಗಿಗೂ ಒದಗಬಹುದು.

ಆದಕಾರಣ ವೈದ್ಯರು ಬಳಸುಮಾರ್ಗವನ್ನು ಹಿಡಿದಿದ್ದಾರೆ. ನಿಯಂತ್ರಕ ಕಣಗಳ ಮೇಲ್ಮೈಯಲ್ಲಿ ಸಿ.ಟಿ.ಎಲ್.ಎ.-4 ಎಂಬ ಪ್ರೋಟೀನು ಹೇರಳವಾಗಿರುವುದಕ್ಕೆ ಫಾಕ್ಸ್‌ಪಿ3ಯೂ ಕಾರಣ. ಈ ಪ್ರೋಟೀನನ್ನು ತಡೆಯುವ ಇಪಿಲಿಮುಮಾಬ್ ಎಂಬ ಔಷಧಕ್ಕೆ, ಮೆಲನೋಮ ಎಂಬ ಚರ್ಮದ ಏಡಿಗಂತಿಯ ಚಿಕಿತ್ಸೆಗಾಗಿ, 2011ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಕೆಲವು ರೋಗಿಗಳು ಅದರಿಂದ ದೀರ್ಘಕಾಲ ಬದುಕಿದ್ದಾರೆ. ಕೆಲವರಿಗೆ ಕರುಳಿನ ತೀವ್ರ ಉರಿಯೂತವೂ ಉಂಟಾಗಿದೆ. ಈ ಎರಡು ಫಲಗಳೂ ಒಂದೇ ಮೂಲದವೆಂಬುದನ್ನು ಗಮನಿಸಬೇಕು.

ದೇಹವನ್ನು ಅದರ ಸ್ವಂತ ಸೈನ್ಯದಿಂದ ಕಾಯುವ ನಿಯಾಮಕವೇ ಗಂತಿಯನ್ನೂ ಕಾಯುತ್ತದೆ. ಆದುದರಿಂದ ಅದನ್ನು ನಿರ್ಮೂಲಗೊಳಿಸುವುದಕ್ಕಿಂತ, ಗಂತಿಯ ಎಡೆಯಲ್ಲಿ ಮಾತ್ರ ಅದರ ಹಿಡಿತವನ್ನು ಸಡಿಲಿಸುವ ಉಪಾಯವನ್ನು ಅರಸುವುದೇ ಸಂಶೋಧನೆಯ ಮುಂದಿರುವ ಕಾರ್ಯವೆಂದು ನಾವು ಭಾವಿಸುತ್ತೇವೆ.